ಮುಸುಕಿನ ಜೋಳ

ಒಹಾಕಾದ ಗುಡ್ಡಗಳಲ್ಲಿ ನವೆಂಬರ್ ಎಂದರೆ
ತೆನೆ ಸುಲಿಯುವ ತಿಂಗಳು.
ಕ್ರಿಸಾಂತಾ ಅತ್ತೆ ಮೊಣಕಾಲ ನಡುವೆ ಬುಟ್ಟಿ ಇಟ್ಟು
ಮುಸುಕು ಸೀಳುತ್ತಾಳೆ, ಸರ್ರನೆ,
ಹಳೇ ಕಾಗದ ಹರಿದ ಹಾಗೆ.
ನೀಲಿ. ನೀಲಿ. ಮತ್ತೂ ನೀಲಿ.
ಆಮೇಲೆ ಒಂದು ತೆನೆಯಲ್ಲಿ, ನಡುನಡುವೆ,
ನಗು ತಡೆಯಲಾರದ ಹಲ್ಲುಗಳಂತೆ
ಬಿಳಿ.

"ಎಣಿಸು," ಅಂದಳು.
ಏಳು ತಿಂಗಳ ಬಸುರಿ ನಾನು, ಬಗ್ಗಲಾಗದು,
ಕೂತಲ್ಲೇ ಎಣಿಸಿದೆ:
ನೀಲಿ ಇನ್ನೂರ ಎಂಬತ್ತೊಂಬತ್ತು, ಬಿಳಿ ಎಂಬತ್ತೆಂಟು.
ಒಂದು ಹುಳ ತಿಂದದ್ದು; ಅದರ ಬಣ್ಣ ಹುಳಕ್ಕೇ ಗೊತ್ತು.

ತೆನೆಯ ನೆತ್ತಿಯ ಕೂದಲು ಹಿಡಿದು ತೋರಿಸಿದಳು ಅತ್ತೆ.
ಎಳೆಗೊಂದು ಕಾಳು, ಎಳೆಗೊಂದು ಮದುವೆ.
ಒಂದೇ ತೊಟ್ಟಿಲಲ್ಲಿ ಇಷ್ಟೊಂದು ಕೂಸು,
ಅಪ್ಪಂದಿರು ಗಾಳಿಯಲ್ಲಿ ಬಂದ ಧೂಳು.

ಎರಡು ವರ್ಷದ ಹಿಂದೆ ಹಳ್ಳದಾಚೆಯ ಬಿಳಿ ಹೊಲ
ಈ ಕಡೆಗೊಮ್ಮೆ ಸೀನಿತ್ತು.
ಆ ಸುಗ್ಗಿಯಲ್ಲಿ ಏನೂ ಕಾಣಲಿಲ್ಲ, ಎಲ್ಲ ನೀಲಿಯೇ.
ನೀಲಿ ಜೋರುಬಾಯಿಯದು. ಅದು ಮಾತಾಡುವಾಗ
ಬಿಳಿ ಒಳಮನೆಯಲ್ಲಿ ಕೂತಿರುತ್ತದೆ.
ಸಾಯುವುದಿಲ್ಲ, ಕಲಸಿಹೋಗುವುದೂ ಇಲ್ಲ,
ಇನ್ನೊಂದು ಬಿಳಿ ಬಂದು ಕದ ತಟ್ಟುವವರೆಗೆ.

ನನ್ನ ತಮ್ಮ ನಿಕಾಂದ್ರೊ
ತೊಟ್ಟಿಲಲ್ಲಿ ಪಟಾಕಿಗೂ ಬೆಚ್ಚಲಿಲ್ಲ.
ಗ್ರಹಣ, ಅಂದಿತು ಊರು.
ಎರ್ಮಿಲಾ ಸೊಂಟಕ್ಕೆ ಕೆಂಪು ದಾರ ಕಟ್ಟದೆ
ಅಂಗಳಕ್ಕಿಳಿದಳು, ಚಂದ್ರ ಮಗುವಿನ ಕಿವಿ ಕಚ್ಚಿದ.
ಅಮ್ಮ ಹತ್ತೊಂಬತ್ತು ವರ್ಷ ಆ ದಾರ ಹುಡುಕಿದಳು,
ಪೆಟ್ಟಿಗೆಯಲ್ಲಿ, ಪ್ರಾರ್ಥನೆಯಲ್ಲಿ,
ಮೆಣಸಿನಕಾಯಿ ಹುರಿಯುವ ಹೊಗೆಯಲ್ಲಿ.
ಅಪ್ಪನದೂ ಒಂದು ಪಾಲಿದ್ದೀತು ಎಂದು
ಯಾರೂ ಹೇಳಲಿಲ್ಲ. ಅಪ್ಪನೂ.

ಪಟ್ಟಣದ ಡಾಕ್ಟರಮ್ಮ ಚೀಟಿಯಲ್ಲಿ
ನಾಲ್ಕು ಚೌಕ ಬರೆದು ವಿವರಿಸಿದ್ದಳು.
ಅಮ್ಮ ಅದನ್ನು ಮಡಚಿ
ಸಂತನ ಪಟದ ಹಿಂದೆ ಸಿಕ್ಕಿಸಿದ್ದಳು.

ಅತ್ತೆ ಇವತ್ತು ತೆನೆಯನ್ನು ಅಮ್ಮನ ಮಡಿಲಿಗೆಸೆದಳು.
"ಇದರ ತಾಯಿ ನೀಲಿ. ತಂದೆ ನೀಲಿ.
ಇದನ್ನು ಯಾವ ಚಂದ್ರ ಕಚ್ಚಿದ, ಹೇಳು?"

ಅಮ್ಮ ಬಹಳ ಹೊತ್ತು ನೋಡಿದಳು.
ಸಮಾಧಾನವಾಗುತ್ತದೆ ಅಂದುಕೊಂಡೆ. ಸಿಟ್ಟಾದಳು.
"ನಾಲ್ಕರಲ್ಲೊಂದು ತಾನೆ ಲೆಕ್ಕ? ನನಗೆ ಇಬ್ಬರೇ ಮಕ್ಕಳು!"
"ಜೋಳ ಮುನ್ನೂರು ಹೆರುತ್ತದೆ, ಲೆಕ್ಕ ಸರಿಹೋಗುತ್ತದೆ.
ನೀನು ಎರಡು ಹೆತ್ತೆ. ಪ್ರತಿ ಸಲವೂ ಗರ ಹೊಸದು, ಎರ್ಮಿಲಾ.
ಹಿಂದೆ ಬಿದ್ದದ್ದು ಅದಕ್ಕೆ ನೆನಪಿರುವುದಿಲ್ಲ."

ಬಿತ್ತಿದಂತೆ ಬೆಳೆ, ಅನ್ನುತ್ತಾರೆ.
ಬಿತ್ತಿದ್ದೇನೆಂದು ಕೈಗೆ ಗೊತ್ತಿತ್ತೆ?

ನಾನು ಕಿವಿ ಕೇಳುವವಳು. ನೀಲಿ.
ಮೂರು ನೀಲಿಯಲ್ಲಿ ಎರಡರೊಳಗೆ
ಬಿಳಿ ಮಲಗಿರುತ್ತದಂತೆ.
ಗಂಡ ಹಳ್ಳದಾಚೆಯವನು, ಅವನ ಒಳಮನೆ ಕಂಡವರಿಲ್ಲ.
ಒಂದು ಕಾಳನ್ನು ದೀಪಕ್ಕೆ ಹಿಡಿದೆ, ಉಗುರಲ್ಲಿ ಕೆರೆದೆ,
ತಿಳಿಯಲಿಲ್ಲ.
ಬಿತ್ತಿದರೆ ಮಾತ್ರ ಒಡೆಯುವ ಗುಟ್ಟು.
ಬಿತ್ತಿಯಾಗಿದೆ.

ಕಟ್ಟಿಗೆ ಇಳಿಸಿ ಒಳಬಂದ ನಿಕಾಂದ್ರೊ
ಬೆರಳಲ್ಲಿ ಕೇಳಿದ: ಏನು ಜಗಳ?
ಅತ್ತೆ ಬಿಳಿ ಕಾಳು ತೋರಿಸಿ ಅವನೆದೆ ಮುಟ್ಟಿದಳು.
ಅವನು ಅದನ್ನು ಕಿತ್ತು
ಮುಂದಿನ ಹಲ್ಲು ಹೋದ ಜಾಗಕ್ಕೆ ಸಿಕ್ಕಿಸಿ ಹಲ್ಕಿರಿದ.
ಆಮೇಲೆ ನನ್ನ ಹೊಟ್ಟೆಗೆ ಅಂಗೈ ಒತ್ತಿ
ಕಾದ, ಬಾಗಿಲಲ್ಲಿ ನಿಂತವನ ಹಾಗೆ.
ಒದೆಯಿತು.
ಅವನ ಕೈ ಹೇಳಿತು: ನಿನ್ನದೇ ಮುಂಗೋಪ.
ಅದು ಯಾವ ಎಳೆ ಹಿಡಿದು ಬಂತೋ,
ಪಟದ ಹಿಂದಿನ ಚೀಟಿಯಲ್ಲಿ ಅದಕ್ಕೆ ಚೌಕವಿಲ್ಲ.

ಅಷ್ಟರಲ್ಲಿ ಅಮ್ಮ ಆ ತೆನೆಯನ್ನು ಪೂರಾ ಉದುರಿಸಿ,
ನೀಲಿ ಬಿಳಿ ಎನ್ನದೆ,
ನಾಳೆಯ ರೊಟ್ಟಿಗೆ ಸುಣ್ಣದ ನೀರಿಗೆ ಸುರಿದಿದ್ದಳು.
"ಬೀಜಕ್ಕೆಂದು ತೆಗೆದಿಟ್ಟದ್ದು!" ಅತ್ತೆ ಕೂಗಿದಳು.
ಅಮ್ಮನಿಗೆ ಕೇಳಿಸಲಿಲ್ಲ.